ಸೌದೆ ಒಲೆ, ಹೊಗೆ, ಶ್ವಾಸಕೋಶ: ಮೀಡಿಯೇಷನ್ ಲೆಕ್ಕದಲ್ಲಿ ಅಳೆಯದೆ ಉಳಿದ ಕನ್‌ಫೌಂಡರ್ ತೂಗುವುದು ಹೇಗೆ?

ಹಿನ್ನೀರು_ಸಾಗರ

ಸೌದೆ ಒಲೆ ಶ್ವಾಸಕೋಶಕ್ಕೆ ಮಾಡುವ ಪರಿಣಾಮದಲ್ಲಿ ಹೊಗೆಯ ಮೂಲಕ ಬರುವ ಪಾಲು ಎಷ್ಟು ಎಂದು ಬೇರ್ಪಡಿಸುವ (ಮೀಡಿಯೇಷನ್) ಅಧ್ಯಯನದ ಚೌಕಟ್ಟು ಹೀಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳು. ಅಡುಗೆಗೆ ಮುಖ್ಯವಾಗಿ ಸೌದೆ ಒಲೆಯೋ ಗ್ಯಾಸೋ ಎಂಬುದು ಎಕ್ಸ್‌ಪೋಶರ್ (ಕಾರಣ). ಅಡುಗೆಮನೆಯ 48 ಗಂಟೆಯ ಪಿಎಂ 2.5 (ಗಾಳಿಯ ಸೂಕ್ಷ್ಮ ಕಣ, ಇಲ್ಲಿ ಹೊಗೆಯ ಅಳತೆ) ಮೀಡಿಯೇಟರ್, ಅಂದರೆ ನಡುವಿನ ಕೊಂಡಿ. ಅಡುಗೆ ಮಾಡುವ ಹೆಂಗಸಿನ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಮಿಲಿಲೀಟರ್‌ನಲ್ಲಿ) ಮುಖ್ಯ ಫಲಿತಾಂಶ, ದೀರ್ಘಕಾಲದ ಕೆಮ್ಮು ಎರಡನೆಯದು. ವಯಸ್ಸು, ಎತ್ತರ, ಓದು, ಜಮೀನು, ಮನೆಯ ಗೋಡೆ-ಸೂರು ಇವೆಲ್ಲ ಪ್ರಶ್ನಾವಳಿಯಲ್ಲಿವೆ. ಮನೆಯ ಶೀತ (ಗೋಡೆ-ನೆಲದ ತೇವ), ಬೂಷ್ಟು, ಗಂಡಸರ ಬೀಡಿ, ಬಚ್ಚಲೊಲೆ ಇವು ಸದ್ಯಕ್ಕೆ ಇಲ್ಲ.

ಕೇಳಬೇಕಾದ್ದು ಎರಡು. ಇವನ್ನು ಅಳೆಯದಿದ್ದರೆ 'ಹೊಗೆಯ ಮೂಲಕ ಬಂದ ಪರಿಣಾಮ' ಎಂದು ತೋರಿಸುವ ಅಂಕಿ ಎಷ್ಟು ನಂಬಲರ್ಹ? ಸೆನ್ಸಿಟಿವಿಟಿ ಅನಾಲಿಸಿಸ್ (ಅಳೆಯದ ಕಾರಣ ಇಷ್ಟು ಬಲದ್ದಾದರೆ ಅಂಕಿ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಯಾವುದು ಮಾಡಬೇಕು, ಬಂದ ಸಂಖ್ಯೆಯನ್ನು ಹೇಗೆ ಓದಬೇಕು?

ಲೆಕ್ಕದ_ಮೇಷ್ಟ್ರು

ಮೊದಲು ಯಾವ ಕನ್‌ಫೌಂಡರ್ (ಎರಡು ಸಂಗತಿಗಳನ್ನೂ ಮುಟ್ಟುವ ಸಮಾನ ಕಾರಣ) ಎಲ್ಲಿ ಕೂತಿದೆ ಎಂದು ಬೇರ್ಪಡಿಸಿಕೊಳ್ಳಿ. ನೇರ ಮತ್ತು ಪರೋಕ್ಷ (ಹೊಗೆಯ ಮೂಲಕದ) ಪರಿಣಾಮ ಬೇರ್ಪಡಿಸಲು ನಾಲ್ಕು ಷರತ್ತು ಬೇಕು. ಒಲೆ–ಶ್ವಾಸಕೋಶದ ನಡುವೆ ಅಳೆಯದ ಸಮಾನ ಕಾರಣ ಇರಬಾರದು. ಒಲೆ–ಹೊಗೆಯ ನಡುವೆ ಇರಬಾರದು. ಹೊಗೆ–ಶ್ವಾಸಕೋಶದ ನಡುವೆ ಇರಬಾರದು. ನಾಲ್ಕನೆಯದನ್ನು ಜನ ಮರೆಯುತ್ತಾರೆ: ಹೊಗೆ–ಶ್ವಾಸಕೋಶದ ಸಮಾನ ಕಾರಣವೊಂದು ಅಳೆದದ್ದೇ ಆದರೂ ಅದು ಸ್ವತಃ ಒಲೆಯ ಪರಿಣಾಮವಾಗಿರಬಾರದು.

ಲಾಟರಿ ಎತ್ತಿ ಗ್ಯಾಸ್ ಹಂಚಿದರೂ ಮೊದಲ ಎರಡು ಮಾತ್ರ ನೆಟ್ಟಗಾಗುತ್ತವೆ. ಮನೆಯಲ್ಲಿ ಎಷ್ಟು ಹೊಗೆ ನಿಲ್ಲುತ್ತದೆ ಎಂಬುದನ್ನು ಯಾರೂ ಲಾಟರಿ ಎತ್ತಿ ನಿರ್ಧರಿಸಿಲ್ಲವಲ್ಲ. 'ನಮ್ಮದು ರ್‍ಯಾಂಡಮೈಸ್ಡ್ ಟ್ರಯಲ್, ಕನ್‌ಫೌಂಡಿಂಗ್ ಪ್ರಶ್ನೆಯೇ ಇಲ್ಲ' ಎಂಬ ಸಾಲು ಮೀಡಿಯೇಷನ್ ಲೇಖನಗಳಲ್ಲಿ ಬಂದಾಗೆಲ್ಲ ಅಲ್ಲಿಗೇ ಓದು ನಿಲ್ಲಿಸಬಹುದು. ಮೀಡಿಯೇಷನ್‌ಗೆ 1986ರಲ್ಲಿ ಬ್ಯಾರನ್, ಕೆನ್ನಿ ಕೊಟ್ಟ ಹಂತಗಳನ್ನು ಯಾಂತ್ರಿಕವಾಗಿ ಅನುಸರಿಸುವವರಲ್ಲಿ ಈ ತಪ್ಪು ಹೆಚ್ಚು. ರಾಬಿನ್ಸ್ ಮತ್ತು ಗ್ರೀನ್‌ಲ್ಯಾಂಡ್ 1992ರಲ್ಲಿ, ಪರ್ಲ್ 2001ರಲ್ಲಿ ಈ ಪರಿಣಾಮಗಳನ್ನು ಕೌಂಟರ್‌ಫ್ಯಾಕ್ಚುವಲ್ ('ಹಾಗಾಗದಿದ್ದರೆ ಏನಾಗುತ್ತಿತ್ತು') ಭಾಷೆಯಲ್ಲಿ ಕಟ್ಟಿದ ಮೇಲೆ ಷರತ್ತುಗಳು ಕಣ್ಣಿಗೆ ಬೀಳುವಂತಾದವು.

ನಿಮ್ಮ ಪಟ್ಟಿಯಲ್ಲಿ ಜಮೀನು, ಓದು ಇವು ಒಲೆ–ಶ್ವಾಸಕೋಶದ ಕಡೆಯವು. ಶೀತ, ಬೀಡಿ ಇವು ಹೊಗೆ–ಶ್ವಾಸಕೋಶದ ಕಡೆಯವು. ನಿಮ್ಮ ಪ್ರಶ್ನಾವಳಿ ಮೊದಲ ಗುಂಪನ್ನು ಅಚ್ಚುಕಟ್ಟಾಗಿ ಹಿಡಿದು ಎರಡನೆಯದನ್ನು ಪೂರ್ತಿ ಬಿಟ್ಟಿದೆ.

ಆಗುಂಬೆ_ಮಳೆ

ಮೇಷ್ಟ್ರ ಮಾತಿಗೆ ಒಂದು ಸೇರಿಕೆ. ಒಟ್ಟು ಪರಿಣಾಮ ಮಾತ್ರ ಬೇಕಿದ್ದರೆ ಶೀತವನ್ನು ಅಳೆಯದಿದ್ದರೂ ದೊಡ್ಡ ತೊಂದರೆ ಇರಲಿಲ್ಲ. ಮಾಡೆಲ್‌ಗೆ ಪಿಎಂ 2.5 ಹಾಕಿದ ಕ್ಷಣ ತೊಂದರೆ ಹುಟ್ಟುತ್ತದೆ. ಹೊಗೆಯ ಅಂಕಿ ಒಂದೇ ಇರುವ ಎರಡು ಮನೆ ಹೋಲಿಸುತ್ತೀರಿ ಅಂತಿಟ್ಟುಕೊಳ್ಳಿ, ಒಂದು ಸೌದೆ ಮನೆ, ಇನ್ನೊಂದು ಗ್ಯಾಸ್ ಮನೆ. ಗ್ಯಾಸ್ ಮನೆಯಲ್ಲಿ ಅಷ್ಟು ಹೊಗೆ ಎಲ್ಲಿಂದ ಬಂತು? ಕಿಟಕಿ ಮುಚ್ಚಿ ಗೋಡೆ ಬೆವರುತ್ತಿದೆ, ಅಥವಾ ಜಗಲಿಯಲ್ಲಿ ಕೂತವರು ಬೀಡಿ ಸೇದುತ್ತಿದ್ದಾರೆ, ಅಥವಾ ಬಚ್ಚಲ ಹಂಡೆಗೆ ಹಸಿ ಸೌದೆ ತುರುಕಿದ್ದಾರೆ. ಅಂದರೆ ಹೊಗೆಯನ್ನು ಸಮ ಮಾಡಿದ ಮೇಲೆ ಗ್ಯಾಸ್ ಮನೆಗಳೇ ಹೆಚ್ಚು ಶೀತದ ಮನೆಗಳಾಗಿ ಕಾಣುತ್ತವೆ. ಮೊದಲು ಇಲ್ಲದ ಸಂಬಂಧವೊಂದು ನಿಮ್ಮ ಹೊಂದಾಣಿಕೆಯಿಂದಲೇ ಹುಟ್ಟಿತು. ಕೊಲೈಡರ್ ಬಯಾಸ್ ಅಂದರೆ ಇದೇ.

ಹಿನ್ನೀರು_ಸಾಗರ

ಹಾಗಾದರೆ ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಮೊದಲೇ ಹೇಳಲು ಬರುತ್ತದೆಯಾ?

ಲೆಕ್ಕದ_ಮೇಷ್ಟ್ರು

ಬರುತ್ತದೆ, ಅಂಕಿಯನ್ನೂ ಹಾಕಬಹುದು. ಲೆಕ್ಕ ತೋರಿಸಲೆಂದು ಊಹಿಸಿಕೊಂಡ ಸಂಖ್ಯೆಗಳಿವು, ಯಾವ ಸಮೀಕ್ಷೆಯವೂ ಅಲ್ಲ. ಸೌದೆ ಮನೆಗಳಲ್ಲಿ ಪಿಎಂ 2.5 ಸರಾಸರಿ ಎರಡು ಪಟ್ಟು, ಅಂದರೆ ಬೇಸ್ 2 ಲಾಗ್‌ನಲ್ಲಿ 1. ಪಿಎಂ ದುಪ್ಪಟ್ಟಾದಾಗೊಮ್ಮೆ ಎಫ್‌ಇವಿ1 60 ಮಿಲಿ ಇಳಿಕೆ, ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) 18, ಡಿಗ್ರೀಸ್ ಆಫ್ ಫ್ರೀಡಮ್ (ಮನೆಗಳ ಸಂಖ್ಯೆಯಿಂದ ಮಾಡೆಲ್‌ನ ಗುಣಾಂಕಗಳ ಸಂಖ್ಯೆ ಕಳೆದದ್ದು) 400. ಪರೋಕ್ಷ ಪರಿಣಾಮ 1 × −60 = −60. ನೇರ ಪರಿಣಾಮ −40. ಒಟ್ಟು −100 ಮಿಲಿ.

ವ್ಯಾಂಡರ್‌ವೀಲ್ 2010ರಲ್ಲಿ ಕೊಟ್ಟ ಬಯಾಸ್ (ಅಂಕಿಯನ್ನು ಒಂದು ಕಡೆಗೆ ಎಳೆಯುವ ತಪ್ಪು) ಸೂತ್ರದ ಸರಳ ರೂಪಕ್ಕೆ ಎರಡೇ ಅಂಕಿ ಸಾಕು. ಗಾಮಾ: ಒಲೆ, ಹೊಗೆ, ಉಳಿದೆಲ್ಲ ಸಮ ಇದ್ದಾಗ ಶೀತದ ಮನೆಯವರ ಎಫ್‌ಇವಿ1 ಎಷ್ಟು ಕಡಿಮೆ. ಡೆಲ್ಟಾ: ಹೊಗೆ ಸಮ ಇದ್ದಾಗ ಸೌದೆ ಮನೆಗಳಲ್ಲಿ ಶೀತದ ಪ್ರಮಾಣದಿಂದ ಗ್ಯಾಸ್ ಮನೆಗಳಲ್ಲಿನ ಪ್ರಮಾಣ ಕಳೆದರೆ ಬರುವ ವ್ಯತ್ಯಾಸ. ಇವುಗಳ ಗುಣಲಬ್ಧವೇ ನೇರ ಪರಿಣಾಮಕ್ಕೆ ಅಂಟಿದ ಬಯಾಸ್. ಪರೋಕ್ಷಕ್ಕೆ ಅಷ್ಟೇ ಮೊತ್ತ, ಚಿಹ್ನೆ ತಿರುಗುಮುರುಗು. ಒಟ್ಟು ಅಲುಗುವುದಿಲ್ಲ.

ಗಾಮಾ −80 ಮಿಲಿ, ಡೆಲ್ಟಾ −0.25 ಎನ್ನಿ (ಮಳೆಯವರು ಹೇಳಿದ ಕಾರಣಕ್ಕೆ ಅದು ಋಣಾತ್ಮಕ). ಗುಣಿಸಿದರೆ +20. ನೇರ ಪರಿಣಾಮ −40 ಅಲ್ಲ, −60. ಪರೋಕ್ಷ −60 ಅಲ್ಲ, −40. ಹೊಗೆಯ ಪಾಲನ್ನು ನೀವು ಹಿಗ್ಗಿಸಿ ಹೇಳಿದಂತಾಯಿತು. ಪರೋಕ್ಷ ಪೂರ್ತಿ ಸೊನ್ನೆಯಾಗಲು ಅದೇ ಗಾಮಾಕ್ಕೆ ಡೆಲ್ಟಾ −0.75 ಬೇಕು, ಅಥವಾ ಅದೇ ಡೆಲ್ಟಾಗೆ ಗಾಮಾ −240 ಬೇಕು. ಒಂದು ಕೋಷ್ಟಕದಲ್ಲಿ ಗಾಮಾವನ್ನು 0ಯಿಂದ −240ರವರೆಗೆ, ಡೆಲ್ಟಾವನ್ನು 0ಯಿಂದ −0.5ರವರೆಗೆ ಹರಡಿ, ಪ್ರತಿ ಕೋಶದಲ್ಲಿ ತಿದ್ದಿದ ಪರೋಕ್ಷ ಪರಿಣಾಮ ಬರೆಯಿರಿ. ಓದುವವನಿಗೆ ಇದಕ್ಕಿಂತ ಸ್ಪಷ್ಟವಾದದ್ದು ಇಲ್ಲ. ಬಾಕಿ ವಿಧಾನಗಳ ಸಂಖ್ಯೆಗಳು ನೋಡಲು ಚೆಂದ, ಮನಸ್ಸಿಗೆ ಇಳಿಯುವುದು ಮಿಲಿಲೀಟರ್.

ಈ ಸರಳ ರೂಪಕ್ಕೆ ಗಾಮಾ ಎಲ್ಲ ಮನೆಗಳಲ್ಲೂ ಒಂದೇ ಇರಬೇಕು, ಶೀತ ಒಲೆಯಿಂದ ಹುಟ್ಟಿದ್ದಾಗಿರಬಾರದು. ಎರಡನೆಯದು ನಮ್ಮ ಕಡೆ ನಿಲ್ಲುತ್ತದೋ ಇಲ್ಲವೋ ಎಂಬುದು ಬೇರೆ ಮಾತು.

ಕೊಡಚಾದ್ರಿ_ಗಾಳಿ

ಆರ್ (ಅಂಕಿಅಂಶದ ಸಾಫ್ಟ್‌ವೇರ್) ಬಳಸುವವರಾದರೆ ಇಮಾಯ್, ಕೀಲ್, ಯಮಾಮೊಟೊ 2010ರ ರೋ ವಿಧಾನ ಸುಲಭ. 'ಮೀಡಿಯೇಷನ್' ಪ್ಯಾಕೇಜಿನಲ್ಲಿ ಹೊಗೆಯ ಮಾಡೆಲ್, ಎಫ್‌ಇವಿ1 ಮಾಡೆಲ್ ಎರಡನ್ನೂ ಕೂಡಿಸಿ ಓಡಿಸಿದ ಮೇಲೆ 'ಮೆಡ್‌ಸೆನ್ಸ್' ಕರೆದರೆ ಮುಗಿಯಿತು. ಎರಡೂ ಮಾಡೆಲ್‌ಗಳ ಉಳಿಕೆಗಳ (ಮಾಡೆಲ್ ವಿವರಿಸದೆ ಬಿಟ್ಟ ಭಾಗಗಳ) ನಡುವಿನ ಸಹಸಂಬಂಧ ರೋ. ಅಳೆಯದ ಕನ್‌ಫೌಂಡರ್ ಇಲ್ಲದಿದ್ದರೆ ರೋ ಸೊನ್ನೆ. ರೋ ಎಷ್ಟಾದಾಗ ಪರೋಕ್ಷ ಪರಿಣಾಮ ಸೊನ್ನೆಯಾಗುತ್ತದೆ ಎಂದು ಅದು ಹೇಳುತ್ತದೆ.

ಒಂದು ಸೂಚನೆ: ರೋ ಹೆಜ್ಜೆ ಡಿಫಾಲ್ಟಾಗಿ 0.1 ಇರುತ್ತದೆ. ನಿಜವಾದ ಬಿಂದು −0.16 ಇದ್ದರೂ ಪರದೆಯ ಮೇಲೆ −0.2 ಎಂದೇ ಬರುತ್ತದೆ. ಹೆಜ್ಜೆಯನ್ನು 0.01ಕ್ಕೆ ಇಳಿಸಿ.

ಲೆಕ್ಕದ_ಮೇಷ್ಟ್ರು

ಸರಿ, ಆದರೆ ಆ ಸಂಖ್ಯೆಯ ಬಗ್ಗೆ ಭ್ರಮೆ ಬೇಡ. ಎರಡೂ ಮಾಡೆಲ್ ಲೀನಿಯರ್ ಆಗಿ, ಇಂಟರಾಕ್ಷನ್ (ಒಲೆಯ ಬಗೆಯಂತೆ ಹೊಗೆಯ ಪರಿಣಾಮ ಬದಲಾಗುವುದು) ಇಲ್ಲದಿದ್ದಾಗ, ಪರೋಕ್ಷ ಪರಿಣಾಮ ಸೊನ್ನೆಯಾಗುವ ರೋ ಎಂದರೆ ಒಲೆ ಮತ್ತು ಉಳಿದ ಕೋವೇರಿಯೇಟ್‌ಗಳನ್ನು (ವಯಸ್ಸು, ಎತ್ತರದಂಥವು) ತೆಗೆದ ಮೇಲೆ ಹೊಗೆ–ಎಫ್‌ಇವಿ1 ನಡುವೆ ಉಳಿಯುವ ಪಾರ್ಶಿಯಲ್ ಕೊರಿಲೇಷನ್ನೇ. ಬೇರೇನೂ ಅಲ್ಲ. ಕ್ಯಾಲ್ಕುಲೇಟರ್‌ನಲ್ಲೇ ತೆಗೆಯಬಹುದು: ಟಿ ಮೌಲ್ಯ 60/18 = 3.33. ಅದರ ವರ್ಗ 11.1. 3.33 ÷ √(11.1 + 400) = 0.164. ಚಿಹ್ನೆ ಹಚ್ಚಿದರೆ −0.16.

ಅಂದರೆ ರಿಗ್ರೆಷನ್ ಟೇಬಲ್‌ನಲ್ಲಿ ಆಗಲೇ ಇದ್ದ ಮಾಹಿತಿಯನ್ನೇ ಬೇರೆ ಅಂಗಿ ತೊಡಿಸಿ ತೋರಿಸಿದ್ದು. 'ರೋ −0.16ರವರೆಗೂ ಫಲಿತಾಂಶ ಗಟ್ಟಿ' ಎಂದು ಬರೆದು ಮುಂದೆ ಹೋದರೆ ಏನೂ ಹೇಳಿದಂತಾಗಲಿಲ್ಲ. −0.16 ದೊಡ್ಡದೋ ಚಿಕ್ಕದೋ ಎಂಬ ಉತ್ತರ ಅಂಗಳದಿಂದ ಬರಬೇಕು.

ಹಿನ್ನೀರು_ಸಾಗರ

ಅದೇ ನನಗೂ ತೊಡಕಾಗಿರುವುದು. ದೊಡ್ಡದು ಚಿಕ್ಕದು ಅಂತ ಅಳೆಯೋ ಕೋಲು ಯಾವುದು?

ಲೆಕ್ಕದ_ಮೇಷ್ಟ್ರು

ಅಳೆದ ಕನ್‌ಫೌಂಡರ್‌ಗಳೇ ಕೋಲು. ರೋ ವರ್ಗ = (ಅಳೆಯದ್ದು ಹೊಗೆಯ ಉಳಿಕೆಯಲ್ಲಿ ವಿವರಿಸುವ ಪಾಲು) × (ಎಫ್‌ಇವಿ1 ಉಳಿಕೆಯಲ್ಲಿ ವಿವರಿಸುವ ಪಾಲು). ನಮ್ಮ ಉದಾಹರಣೆಯಲ್ಲಿ ಅದು 0.027. ಶೀತ ಹೊಗೆಯಲ್ಲಿ 30%, ಎಫ್‌ಇವಿ1ನಲ್ಲಿ 9% ವಿವರಿಸಿದರೆ ಅಷ್ಟಾಗುತ್ತದೆ, ಎರಡರಲ್ಲೂ 16.4% ಆದರೂ ಅಷ್ಟೇ.

ಈಗ 9% ಅನ್ನು ಮಿಲಿಲೀಟರ್‌ಗೆ ತನ್ನಿ. ವಯಸ್ಸು, ಎತ್ತರ ತೆಗೆದ ಮೇಲೆ ಎಫ್‌ಇವಿ1 ಉಳಿಕೆಯ ಸ್ಟ್ಯಾಂಡರ್ಡ್ ಡಿವಿಯೇಷನ್ 400 ಮಿಲಿ ಎನ್ನಿ. 9%ರ ವರ್ಗಮೂಲ 0.3, ಗುಣಿಸಿದರೆ 120 ಮಿಲಿ. ಅರ್ಧ ಮನೆಗಳು ಶೀತ, ಅರ್ಧ ಒಣ ಆಗಿದ್ದರೆ ಎರಡು ಗುಂಪಿನ ನಡುವೆ 240 ಮಿಲಿ ವ್ಯತ್ಯಾಸ. ಮೇಲೆ ಗಾಮಾ −240 ಬಂದದ್ದೂ ಈ ಅಳತೆಯದ್ದೇ. ಗೋಡೆಯ ಬೂಷ್ಟೊಂದರಿಂದ ಅಷ್ಟು ಇಳಿಕೆ ಆಗುತ್ತದೆಂದು ನಂಬುವುದು ಕಷ್ಟ. ಆದರೆ ಅದರ ಕಾಲು ಭಾಗ ಆಗಲಾರದು ಎನ್ನಲು ನನಗೆ ಧೈರ್ಯವಿಲ್ಲ, ಅದೇ ಡೆಲ್ಟಾಗೆ ಕಾಲು ಭಾಗ ಆದರೂ ಪರೋಕ್ಷ ಪರಿಣಾಮದ ಕಾಲು ಭಾಗ ಕರಗುತ್ತದೆ.

ಇದೇ ಕೆಲಸಕ್ಕೆ ಸಿನೆಲ್ಲಿ–ಹ್ಯಾಜ್ಲೆಟ್ 2020ರ 'ಸೆನ್ಸ್‌ಮೇಕರ್' ಪ್ಯಾಕೇಜ್ ಇನ್ನೂ ಸಲೀಸು. ಹೊಗೆ–ಎಫ್‌ಇವಿ1 ಗುಣಾಂಕಕ್ಕೆ ರೋಬಸ್ಟ್‌ನೆಸ್ ವ್ಯಾಲ್ಯೂ (ಗುಣಾಂಕ ಸೊನ್ನೆಯಾಗಲು ಅಳೆಯದ ಕಾರಣ ಎರಡರಲ್ಲೂ ವಿವರಿಸಬೇಕಾದ ಕನಿಷ್ಠ ಪಾಲು) ಕೊಡುತ್ತದೆ: ಇಲ್ಲಿ 15.3%. ಗುಣಾಂಕ ಸೊನ್ನೆಯಾಗುವವರೆಗೆ ಕಾಯದೆ 5% ಮಟ್ಟದಲ್ಲಿ ಸಿಗ್ನಿಫಿಕೆನ್ಸ್ ಕಳೆದುಕೊಳ್ಳುವ ಬಿಂದು ಕೇಳಿದರೆ 6.6% ಮಾತ್ರ. ಎರಡನ್ನೂ ಬರೆಯಿರಿ. ಬೀಡಿ ಅಳೆದಿದ್ದರೆ 'ಬೀಡಿಯಷ್ಟೇ ಬಲದ, ಅದರ ಎರಡು ಪಟ್ಟು, ಮೂರು ಪಟ್ಟು ಬಲದ ಕನ್‌ಫೌಂಡರ್ ಇದ್ದರೆ' ಎಂದು ಗೆರೆ ಎಳೆದು ತೋರಿಸುತ್ತದೆ. ರೋಬಸ್ಟ್‌ನೆಸ್ ವ್ಯಾಲ್ಯೂ 15.3, ಮೇಲಿನ 16.4 ಹತ್ತಿರ ಕಾಣುತ್ತವೆ. ಒಂದೇ ಅಳತೆ ಅಲ್ಲ, ಬೆರೆಸಬೇಡಿ.

ತುಂಗೆ_ದಂಡೆ

ಕೆಮ್ಮಿನ ಫಲಿತಾಂಶಕ್ಕೆ ಇ-ವ್ಯಾಲ್ಯೂ (ಪರಿಣಾಮ ಅಳಿಸಲು ಅಳೆಯದ ಕಾರಣ ಎಷ್ಟು ಬಲದ್ದಾಗಿರಬೇಕು ಎಂಬ ಅಂಕಿ) ಹಾಕಿದರಾಯಿತಲ್ಲ? ಒಂದೇ ಸೂತ್ರ, ಯಾವ ಊಹೆಯೂ ಬೇಡ.

ಲೆಕ್ಕದ_ಮೇಷ್ಟ್ರು

ಊಹೆ ಬೇಡ ಎಂಬುದೇ ಅದರ ಆಕರ್ಷಣೆ, ಅದೇ ಅಪಾಯ. ವ್ಯಾಂಡರ್‌ವೀಲ್ ಮತ್ತು ಡಿಂಗ್ 2017ರ ಸೂತ್ರ (ರಿಸ್ಕ್ ರೇಷಿಯೋ ಎಂದರೆ ಅಪಾಯ ಎಷ್ಟು ಪಟ್ಟು ಎಂಬುದು): ರಿಸ್ಕ್ ರೇಷಿಯೋ + √(ರಿಸ್ಕ್ ರೇಷಿಯೋ × (ರಿಸ್ಕ್ ರೇಷಿಯೋ − 1)). 2019ರಲ್ಲಿ ಸ್ಮಿತ್ ಮತ್ತು ವ್ಯಾಂಡರ್‌ವೀಲ್ ಅದನ್ನು ಮೀಡಿಯೇಷನ್‌ಗೆ ತಂದರು. ಸೂತ್ರ ಅದೇ, ಅರ್ಥ ಬೇರೆ. ಪರೋಕ್ಷ ಪರಿಣಾಮದ ರಿಸ್ಕ್ ರೇಷಿಯೋ 1.25, ವಿಶ್ವಾಸಾಂತರದ ಕೆಳತುದಿ 1.08 ಎನ್ನಿ. ಇ-ವ್ಯಾಲ್ಯೂ 1.81, ಕೆಳತುದಿಗೆ 1.37.

1.81 ಎಂದರೆ: ಶೀತದಿಂದ ಕೆಮ್ಮಿನ ಅಪಾಯ (ಒಲೆ, ಹೊಗೆ ಸಮ ಇದ್ದಾಗ) ಕನಿಷ್ಠ 1.81 ಪಟ್ಟು ಹೆಚ್ಚಾಗಬೇಕು, ಜೊತೆಗೆ ಹೊಗೆ ಸಮ ಇದ್ದಾಗ ಒಲೆ–ಶೀತದ ಸಂಬಂಧವೂ 1.81 ಪಟ್ಟು ಇರಬೇಕು; ಆಗ ಪರೋಕ್ಷ ಪರಿಣಾಮ ಪೂರ್ತಿ ಅಳಿಯಬಹುದು. ಎರಡನೆಯ ಅರ್ಧವನ್ನು 'ಒಲೆ–ಶೀತದ ಸಂಬಂಧ' ಎಂದಷ್ಟೇ ಬರೆದರೆ ತಪ್ಪು. 'ಹೊಗೆ ಸಮ ಇದ್ದಾಗ' ಎಂಬುದೇ ಅದರ ಜೀವ. ಅದು ಮಳೆಯವರು ಹೇಳಿದ ಕೊಲೈಡರ್ ಸಂಬಂಧ, ಹೊರನೋಟಕ್ಕೆ ಕಾಣುವ ಸಂಬಂಧ ಅಲ್ಲ.

ಎರಡೂ ಸಮ ಇರಲೇಬೇಕೆಂದಿಲ್ಲ. ಒಂದು 2, ಇನ್ನೊಂದು 1.5 ಆದರೆ ಬಯಾಸ್ ಮಿತಿ (2 × 1.5) ÷ (2 + 1.5 − 1) = 1.2. 1.25ನ್ನು 1.2ರಿಂದ ಭಾಗಿಸಿ: 1.04. ಕೆಳತುದಿ 0.9. ಪರಿಣಾಮ ಅಳಿಯಲಿಲ್ಲ, ಆದರೆ ಹೇಳಿಕೊಳ್ಳುವಂಥದ್ದೂ ಉಳಿಯಲಿಲ್ಲ. ಒಂಟಿ ಇ-ವ್ಯಾಲ್ಯೂಗಿಂತ ಇಂಥ ನಾಲ್ಕೈದು ಜೋಡಿ ಕೊಡಿ.

ಇನ್ನೊಂದು: ಲಾಜಿಸ್ಟಿಕ್ ಮಾಡೆಲ್‌ನಿಂದ ಬಂದ ಆಡ್ಸ್ ರೇಷಿಯೋವನ್ನು (ಆಗುವ–ಆಗದ ಸಾಧ್ಯತೆಗಳ ಅನುಪಾತ ಎಷ್ಟು ಪಟ್ಟು ಎಂಬುದು) ನೇರವಾಗಿ ಸೂತ್ರಕ್ಕೆ ಹಾಕುತ್ತಾರೆ. ಕೆಮ್ಮು 15%ಕ್ಕಿಂತ ಹೆಚ್ಚು ಜನರಲ್ಲಿದ್ದರೆ ಮೊದಲು ವರ್ಗಮೂಲ ತೆಗೆಯಬೇಕು. ಆಡ್ಸ್ ರೇಷಿಯೋ 1.25 ಆದರೆ √1.25 = 1.12, ಇ-ವ್ಯಾಲ್ಯೂ 1.48. 1.81 ಎಂದು ಬರೆದರೆ ಇಲ್ಲದ ಬಲ ತೋರಿಸಿದಂತೆ.

ಆಗುಂಬೆ_ಮಳೆ

ಲೆಕ್ಕ ಆಯಿತು, ಈಗ ಮನೆಯೊಳಗೆ ಬನ್ನಿ. ಈ ಅಧ್ಯಯನದ ದೊಡ್ಡ ಗಂಡಾಂತರ ಮೇಲಿನ ಯಾವ ಪೋಸ್ಟ್‌ನಲ್ಲೂ ಬಂದಿಲ್ಲ, ಅದು ಸೆನ್ಸರ್.

ಕಡಿಮೆ ಬೆಲೆಯ ಪಿಎಂ ಸೆನ್ಸರ್‌ಗಳು ಬೆಳಕು ಚದುರುವುದನ್ನು ಎಣಿಸುತ್ತವೆ. ಗಾಳಿಯ ತೇವಾಂಶ ಏರಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಸೆನ್ಸರ್ ಅದನ್ನು ಹೆಚ್ಚು ಹೊಗೆ ಎಂದು ಓದುತ್ತದೆ. ಆಷಾಢದಲ್ಲಿ ನಮ್ಮ ಮನೆಗಳ ಒಳಗಿನ ತೇವ ಹೇಳುವುದೇ ಬೇಡ. ಈಗ ನೋಡಿ: ಶೀತದ ಮನೆಯಲ್ಲಿ ಸೆನ್ಸರ್ ಹೆಚ್ಚು ಓದುತ್ತದೆ, ಅದೇ ಮನೆಯಲ್ಲಿ ಬೂಷ್ಟಿನಿಂದ ಕೆಮ್ಮೂ ಹೆಚ್ಚು. ಹೊಗೆಯೇ ಇಲ್ಲದಿದ್ದರೂ 'ಹೊಗೆ' ಮತ್ತು ಕೆಮ್ಮಿಗೆ ಸಂಬಂಧ ಕಾಣುತ್ತದೆ. ಶೀತ ಹೊಗೆಯ ಉಳಿಕೆಯಲ್ಲಿ 30% ವಿವರಿಸಿದರೆ ಎಂದು ಮೇಷ್ಟ್ರು ಊಹಿಸಿದರಲ್ಲ, ಅದು ಆಗಬಹುದೇ? ಮಳೆಗಾಲದ ಅಗ್ಗದ ಸೆನ್ಸರ್‌ನಲ್ಲಿ ಧಾರಾಳವಾಗಿ.

ಮಾಡಬೇಕಾದ್ದು: ಕನಿಷ್ಠ ಒಂದು ಉಪಗುಂಪಿನ ಮನೆಗಳಲ್ಲಿ ಪಂಪ್ ಮತ್ತು ಫಿಲ್ಟರ್ ಇಟ್ಟು ತೂಕದ ವಿಧಾನದಲ್ಲಿ ಅಳೆಯಿರಿ, ಪಕ್ಕದಲ್ಲೇ ಸೆನ್ಸರ್. ಫಿಲ್ಟರನ್ನು ಮೊದಲೂ ಆಮೇಲೂ ಒಂದೇ ನಿಯಂತ್ರಿತ ತೇವಾಂಶದ ಕೋಣೆಯಲ್ಲಿ ಇಟ್ಟು ತೂಗಬೇಕು, ಇಲ್ಲದಿದ್ದರೆ ನೀರನ್ನೇ ತೂಗುತ್ತೀರಿ. ಪ್ರತಿ ಮನೆಯಲ್ಲೂ ಉಷ್ಣಾಂಶ–ತೇವಾಂಶ ಲಾಗರ್ ಇರಲಿ, ದುಬಾರಿ ಅಲ್ಲ. ಸೆನ್ಸರ್ ಇಡುವ ಜಾಗ: ಒಲೆಯ ಅಂಚಿನಿಂದ 1 ಮೀಟರ್, ನೆಲದಿಂದ ಸುಮಾರು 1.45 ಮೀಟರ್, ತೆರೆಯುವ ಬಾಗಿಲು–ಕಿಟಕಿಯಿಂದ 1.5 ಮೀಟರ್ ದೂರ. ಹಳೆ ಮನೆಗಳ ಕತ್ತಲ ಅಡುಗೆಕೋಣೆಯಲ್ಲಿ ಮೂರೂ ಒಟ್ಟಿಗೆ ಸಿಗುವುದಿಲ್ಲ, ಸಿಕ್ಕಿದ್ದನ್ನು ಬರೆದಿಡಿ. ಒಂದೇ ಮನೆಯನ್ನು ಮಾಘ–ಫಾಲ್ಗುಣದಲ್ಲೊಮ್ಮೆ, ಆಷಾಢ–ಶ್ರಾವಣದಲ್ಲೊಮ್ಮೆ ಅಳೆಯಿರಿ. ಅಂಗಳದಲ್ಲಿ ಅಡಿಕೆ ಬೇಯಿಸುವ ದಿನ ಬಿದ್ದರೆ ಆ ದಿನವನ್ನು ಗುರುತು ಹಾಕಿ, ಅಳಿಸಬೇಡಿ.

ಬಚ್ಚಲೊಲೆ

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಒಲೆ ಉರಿಯುವ ಮನೆ ಮಳೆಗಾಲದಲ್ಲಿ ಒಣಗಿರುತ್ತದೆ. ಅಟ್ಟದ ಮೇಲಿನ ಸೌದೆ, ಬಾಳಕ, ಸೂರಿನ ಮರ ಎಲ್ಲ ಆ ಬಿಸಿಗೇ ಒಣಗುವುದು. ಗ್ಯಾಸ್ ಬಂದು ಒಲೆ ಆರಿದರೆ ಶೀತ ಏರುತ್ತದೆ. ಅಂದರೆ ಶೀತ ಒಲೆಯ ಪರಿಣಾಮ. ಮೇಷ್ಟ್ರು ಹೇಳಿದ ನಾಲ್ಕನೇ ಷರತ್ತು ಮುರಿದೇ ಹೋಯಿತಲ್ಲ?

ಬಚ್ಚಲ ಕಥೆ ಬೇರೆ. ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಹಂಡೆ, ಸೌದೆ ಹಾಗೇ ಇರುತ್ತವೆ. ಉಜ್ವಲಾ 2016ರಲ್ಲಿ ಶುರುವಾದ ಮೇಲೆ ಸಿಲಿಂಡರ್ ಮೂಲೆಯಲ್ಲಿರುವ ಮನೆ ಮತ್ತು ಸಿಲಿಂಡರಿನಲ್ಲೇ ಅಡುಗೆ ಮಾಡುವ ಮನೆ ಎರಡೂ ಸಮೀಕ್ಷೆಯಲ್ಲಿ 'ಗ್ಯಾಸ್' ಎಂದೇ ಬೀಳುತ್ತವೆ. 'ಕಳೆದ ಏಳು ದಿನದಲ್ಲಿ ಎಷ್ಟು ಹೊತ್ತಿನ ಅಡುಗೆ ಯಾವ ಒಲೆಯಲ್ಲಿ' ಎಂದು ಕೇಳಿ. ಬಚ್ಚಲು, ಕೊಟ್ಟಿಗೆ ಹೊಗೆ, ಗೋಬರ್ ಗ್ಯಾಸ್ ಬೇರೆ ಬೇರೆ ಕಾಲಂ.

ಲೆಕ್ಕದ_ಮೇಷ್ಟ್ರು

ಮುರಿಯಿತು, ನಿಜ. ಒಲೆಯಿಂದ ಹುಟ್ಟಿದ ಶೀತ ಹೊಗೆ–ಕೆಮ್ಮು ಎರಡನ್ನೂ ಮುಟ್ಟಿದರೆ, ಶೀತವನ್ನು ಎಷ್ಟು ಚೆನ್ನಾಗಿ ಅಳೆದರೂ ನ್ಯಾಚುರಲ್ (ಇಲ್ಲಿವರೆಗೆ ಮಾತಾಡಿದ) ನೇರ–ಪರೋಕ್ಷ ಪರಿಣಾಮ ಸಾಮಾನ್ಯವಾಗಿ ಗುರುತಿಸಲು ಬರುವುದಿಲ್ಲ. ಶೀತವನ್ನು ಮಾಡೆಲ್‌ಗೆ ಹಾಕಿದರೆ ಒಲೆ→ಶೀತ→ಕೆಮ್ಮು ದಾರಿಯನ್ನು ಕಡಿದಂತೆ, ಹಾಕದಿದ್ದರೆ ಕನ್‌ಫೌಂಡಿಂಗ್ ಉಳಿಯುತ್ತದೆ. ಅತ್ತ ದರಿ ಇತ್ತ ಪುಲಿ. ನಾನು ಮೇಲೆ ಕೊಟ್ಟ ಗಾಮಾ–ಡೆಲ್ಟಾ ಸರಳ ರೂಪವೂ ಆಗ ಹೊಂದುವುದಿಲ್ಲ.

ದಾರಿ ಇದೆ. ಪ್ರಶ್ನೆಯನ್ನೇ ತುಸು ಬದಲಿಸಿ ಇಂಟರ್‌ವೆನ್ಷನಲ್ ಪರಿಣಾಮ ಕೇಳಿ: 'ಸೌದೆ ಮನೆಗಳ ಹೊಗೆಯ ಹಂಚಿಕೆಯನ್ನು ಗ್ಯಾಸ್ ಮನೆಗಳ ಹೊಗೆಯ ಹಂಚಿಕೆಗೆ ತಂದರೆ ಕೆಮ್ಮು ಎಷ್ಟು ಇಳಿಯುತ್ತದೆ?' ವ್ಯಾಂಡರ್‌ವೀಲ್, ವ್ಯಾನ್‌ಸ್ಟೀಲ್ಯಾಂಟ್, ರಾಬಿನ್ಸ್ 2014ರಲ್ಲಿ ಬರೆದದ್ದು. ಸಾರ್ವಜನಿಕ ಆರೋಗ್ಯದವರಿಗೆ ಬೇಕಾದ ಪ್ರಶ್ನೆಯೂ ಅದೇ, ನನ್ನ ಮಟ್ಟಿಗೆ ನ್ಯಾಚುರಲ್ ಪರಿಣಾಮಕ್ಕಿಂತ ಇದೇ ಮೇಲು. ಜಿ-ಫಾರ್ಮುಲಾದಲ್ಲಿ (ಮಾಡೆಲ್‌ಗಳಿಂದ ಫಲಿತಾಂಶ ಅಂದಾಜಿಸಿ ಸರಾಸರಿ ತೆಗೆಯುವ ವಿಧಾನ) ಮೂರು ಮಾಡೆಲ್: ಒಲೆಯಿಂದ ಶೀತ, ಒಲೆ ಮತ್ತು ಶೀತದಿಂದ ಹೊಗೆ, ಮೂರರಿಂದ ಕೆಮ್ಮು. ಆಮೇಲೆ ಸಿಮ್ಯುಲೇಷನ್, ಬೂಟ್‌ಸ್ಟ್ರಾಪ್ (ಮರುಮಾದರಿ ಎತ್ತಿ ಅನಿಶ್ಚಿತತೆ ಅಳೆಯುವುದು). ಆರ್‌ನ 'ಸಿಎಂಎವರ್ಸ್' ಪ್ಯಾಕೇಜಿನಲ್ಲಿ ಎಕ್ಸ್‌ಪೋಶರ್ ನಂತರದ ಕನ್‌ಫೌಂಡರ್ ಕೊಡಲು ಪ್ರತ್ಯೇಕ ಜಾಗವಿದೆ. ಹೀಗೆ ಬಂದ ನೇರ ಮತ್ತು ಪರೋಕ್ಷದ ಮೊತ್ತ ಸಾಮಾನ್ಯ 'ಒಟ್ಟು ಪರಿಣಾಮ'ಕ್ಕೆ ಸರಿಯಾಗಿ ಸಮವಾಗಬೇಕಿಲ್ಲ. 'ಶೇಕಡಾ ಇಷ್ಟು ಹೊಗೆಯ ಮೂಲಕ' ಎಂಬ ಸಾಲನ್ನು ಅಲ್ಲಿ ಬರೆಯಬೇಡಿ.

ಮೂಲ ಮಾತು ಉಳಿಯಿತು: ಇದಕ್ಕೂ ಶೀತ ಅಳೆದಿರಬೇಕು.

ಹಿನ್ನೀರು_ಸಾಗರ

ಶೀತ ಅಳೆಯುವುದು ಹೇಗೆ, 'ನಿಮ್ಮ ಮನೆ ಶೀತವೇ' ಎಂದು ಕೇಳಿದರೆ ಮಲೆನಾಡಲ್ಲಿ ಎಲ್ಲರೂ ಹೌದು ಅಂತಾರೆ.

ಬಚ್ಚಲೊಲೆ

ಹಾಗೆ ಕೇಳಬೇಡಿ. ಮಲಗುವ ಕೋಣೆ, ಅಡುಗೆಮನೆ ಎರಡರಲ್ಲೂ ಗೋಡೆಯ ನಾಲ್ಕು ಕಡೆ ಪಿನ್ ಮಾಯಿಶ್ಚರ್ ಮೀಟರ್ ಓದು, ನೆಲದಿಂದ ಒಂದೇ ಎತ್ತರದಲ್ಲಿ. ಮಣ್ಣಿನ ಗೋಡೆ, ಜಂಬಿಟ್ಟಿಗೆ, ಸಿಮೆಂಟು ಇವುಗಳ ಓದು ಹೋಲಿಕೆಗೆ ಸಿಗುವುದಿಲ್ಲ, ಹಾಗಾಗಿ ಗೋಡೆಯ ಬಗೆ ಸಹ ಮಾಡೆಲ್‌ಗೆ ಹೋಗಬೇಕು. ಬೂಷ್ಟಿನ ಕಲೆಯ ವಿಸ್ತಾರವನ್ನು ಅಂಗೈ ಲೆಕ್ಕದಲ್ಲಿ ಗುರುತಿಸಿ: ಇಲ್ಲ, ಒಂದು ಅಂಗೈಗಿಂತ ಕಡಿಮೆ, ಹೆಚ್ಚು. ನೋಡುವವರಿಗೆ ಆ ಮನೆಯವರ ಕೆಮ್ಮಿನ ಉತ್ತರ ಗೊತ್ತಿರಬಾರದು. ಲಾಗರ್ ಎರಡು ವಾರ ಇದ್ದರೆ ಉತ್ತಮ.

ಕೊಡಚಾದ್ರಿ_ಗಾಳಿ

ಸ್ಪೈರೋಮೆಟ್ರಿಯ (ಊದಿಸಿ ಎಫ್‌ಇವಿ1 ಅಳೆಯುವುದು) ಕಡೆಯೂ ಗಮನ ಇರಲಿ. 3 ಲೀಟರ್ ಸಿರಿಂಜಿನಿಂದ ದಿನವೂ ಪರೀಕ್ಷೆ, ವ್ಯತ್ಯಾಸ 3% ಒಳಗೆ. ಒಪ್ಪಿತ ಊದು ಕನಿಷ್ಠ ಮೂರು, ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿ ಮೀರಬಾರದು. ನಿಮ್ಮ ಪರೋಕ್ಷ ಪರಿಣಾಮವೇ 60 ಮಿಲಿ ಆಸುಪಾಸು ಇದ್ದಾಗ ಸಡಿಲ ಊದಿನಲ್ಲಿ ಏನೂ ಕಾಣದು.

ಕೆಮ್ಮು ಬಂದ ಮೇಲೆ ಗ್ಯಾಸಿಗೆ ಬದಲಾದ ಮನೆಗಳೂ ಇರುತ್ತವೆ. ಒಂದೇ ಬಾರಿ ಅಳೆದ ಅಧ್ಯಯನದಲ್ಲಿ ಅದು ಹಿಂದುಮುಂದು ಮಾಡುತ್ತದೆ. ಮೇಲಿನ ಯಾವ ಸೆನ್ಸಿಟಿವಿಟಿ ಸೂತ್ರವೂ ಅದನ್ನು ಹಿಡಿಯುವುದಿಲ್ಲ. ಗ್ಯಾಸ್ ಬಂದ ವರ್ಷ, ಕೆಮ್ಮು ಶುರುವಾದ ವರ್ಷ ಎರಡನ್ನೂ ಕೇಳಿ.

ತುಂಗೆ_ದಂಡೆ

ಅಳತೆಯ ತಪ್ಪು ಬರೀ ತೇವದಿಂದಲೇ ಬರುತ್ತದಾ? 48 ಗಂಟೆ ಇಡೀ ವರ್ಷಕ್ಕೆ ಪ್ರತಿನಿಧಿ ಅಲ್ಲವಲ್ಲ.

ಲೆಕ್ಕದ_ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಯಾಕೆಂದರೆ ಅದು ಎದುರು ದಿಕ್ಕಿಗೆ ಎಳೆಯುತ್ತದೆ. ದಿನದಿಂದ ದಿನಕ್ಕೆ ಹೊಗೆ ಬರೀ ಏರಿಳಿದರೆ ಹೊಗೆಯ ಗುಣಾಂಕ ಕುಗ್ಗುತ್ತದೆ, ಕುಗ್ಗಿದ ಪಾಲು ನೇರ ಪರಿಣಾಮದ ಲೆಕ್ಕಕ್ಕೆ ಹೋಗುತ್ತದೆ. ಕೋವೇರಿಯೇಟ್‌ಗಳ ನಂತರದ ರಿಲಯಬಿಲಿಟಿ (ಮರು ಅಳತೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು) 0.6 ಆಗಿದ್ದರೆ −60ರ ಹಿಂದೆ ನಿಜವಾದದ್ದು −100 ಇರಬಹುದು. ಶೀತ ಹಿಗ್ಗಿಸುತ್ತದೆ, ಇದು ಕುಗ್ಗಿಸುತ್ತದೆ. ಎರಡೂ ಸೇರಿ ಸರಿಹೋಯಿತು ಎಂದು ಕೂರಬೇಡಿ. ನಾಲ್ಕನೇ ಒಂದು ಭಾಗ ಮನೆಗಳಲ್ಲಾದರೂ ಅದೇ ಋತುವಿನಲ್ಲಿ ಮರು ಅಳತೆ ಮಾಡಿ, ರಿಲಯಬಿಲಿಟಿ ತೆಗೆದು, ಮೊದಲು ಅದನ್ನು ತಿದ್ದಿ, ಆಮೇಲೆ ಕನ್‌ಫೌಂಡಿಂಗ್ ಕೋಷ್ಟಕ ಕಟ್ಟಿ.

ಸೊರಬ_ಸೀಮೆ

ನಡುವೆ ಬಾಯಿ ಹಾಕುತ್ತಿದ್ದೇನೆ. ಮಂಗನ ಕಾಯಿಲೆಗೂ ಇದೇ ಪ್ರಶ್ನೆ ಬರುತ್ತದೆ. ಹಳ್ಳಿಗಳನ್ನು ಲಾಟರಿಯಲ್ಲಿ ಆರಿಸಿ ಅರಿವಿನ ಕಾರ್ಯಕ್ರಮ ಕೊಟ್ಟು, 'ಡೀಪಾ (ಉಣುಗು ದೂರ ಇಡುವ) ಎಣ್ಣೆ ಹಚ್ಚಿಕೊಳ್ಳುವುದು ಹೆಚ್ಚಿದ್ದರಿಂದ ಉಣುಗು ಕಡಿತ ಕಡಿಮೆಯಾಯಿತೇ' ಎಂದು ನೋಡಿದರೆ?

ಆಗುಂಬೆ_ಮಳೆ

ಅಲ್ಲಿ ದಿಕ್ಕು ತಿರುಗುತ್ತದೆ. 1957ರಲ್ಲಿ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ, ಉಣುಗಿನಿಂದ ಹರಡುವಂಥದ್ದು. ಕಾಡಿಗೆ ಹೆಚ್ಚು ಹೋಗುವವರು ಎಣ್ಣೆ ಹೆಚ್ಚು ಹಚ್ಚುತ್ತಾರೆ, ಕಡಿತವೂ ಅವರಿಗೇ ಹೆಚ್ಚು. ಕಾಡಿನ ಓಡಾಟ ಅಳೆಯದಿದ್ದರೆ ಎಣ್ಣೆಯೇ ಕಡಿತ ತರಿಸಿದಂತೆ ಕಾಣುತ್ತದೆ, ಪರೋಕ್ಷ ಪರಿಣಾಮ ಮುಚ್ಚಿಹೋಗುತ್ತದೆ. ಹಾಗಾಗಿ ಅಲ್ಲಿ 'ಪರಿಣಾಮ ಇಲ್ಲ' ಎಂದು ಬಂದಾಗಲೂ ಸೆನ್ಸಿಟಿವಿಟಿ ಅನಾಲಿಸಿಸ್ ಬೇಕು. ಸೊಪ್ಪು, ಸೌದೆ, ದನ ಮೇಯಿಸುವುದು, ಇವುಗಳಿಗೆ ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ಎಂದು ಕಾರ್ಯಕ್ರಮಕ್ಕೆ ಮೊದಲೇ ಕೇಳಿಡಿ. ಆಮೇಲೆ ಕೇಳಿದರೆ ಅರಿವು ಬಂದು ಕಾಡಿಗೆ ಹೋಗುವುದನ್ನೇ ಕಡಿಮೆ ಮಾಡಿರುತ್ತಾರೆ, ನಾಲ್ಕನೇ ಷರತ್ತು ಮತ್ತೆ ಮುರಿಯುತ್ತದೆ. ಫಲಿತಾಂಶವಾಗಿ ಕಾಯಿಲೆಯ ಬದಲು ಕಡಿತ ತೆಗೆದುಕೊಂಡದ್ದು ಸರಿ, ಕಾಯಿಲೆ ಅಷ್ಟು ಅಪರೂಪ.

ಹಿನ್ನೀರು_ಸಾಗರ

ಕೊನೆಯ ಪ್ರಶ್ನೆ. ಇವನ್ನೆಲ್ಲ ಮಾಡಿದರೂ ಒಂದಲ್ಲ ಒಂದು ಅಳೆಯದೆ ಉಳಿಯುತ್ತದೆ. ಫಲಿತಾಂಶ ವಿಭಾಗದಲ್ಲಿ ಯಾವ ಸಾಲು ಇರಲೇಬೇಕು?

ಲೆಕ್ಕದ_ಮೇಷ್ಟ್ರು

ಡೇಟಾ ನೋಡುವ ಮೊದಲೇ ಕನ್‌ಫೌಂಡರ್‌ಗಳ ಹೆಸರು, ಅವು ಎಳೆಯುವ ದಿಕ್ಕು ಬರೆದು ಪ್ರೊಟೊಕಾಲ್‌ನಲ್ಲಿ ಇಡಿ. ಮೀಡಿಯೇಷನ್ ಅಧ್ಯಯನಗಳಿಗಾಗಿಯೇ ಇರುವ 2021ರ ಅಗ್ರೀಮಾ ವರದಿ ಮಾರ್ಗಸೂಚಿ ತೆರೆದು ಊಹೆಗಳ ಭಾಗ ಮತ್ತು ಸೆನ್ಸಿಟಿವಿಟಿ ಭಾಗ ಎರಡನ್ನೂ ತುಂಬಿ. ಫಲಿತಾಂಶದ ಸಾಲು ಹೀಗಿರಲಿ: 'ಮನೆಯ ಶೀತವನ್ನು ಹೊಂದಿಸಿದ ನಂತರ ಹೊಗೆಯ ಮೂಲಕದ ಪರಿಣಾಮ ಇಷ್ಟು ಮಿಲಿ. ಅಳೆಯದ ಇನ್ನೊಂದು ಕಾರಣ ಬೀಡಿಯಷ್ಟೇ ಬಲದ್ದಾದರೆ ಇಷ್ಟಕ್ಕೆ ಇಳಿಯುತ್ತದೆ, ಅದರ ಮೂರು ಪಟ್ಟಾದರೆ ಇಷ್ಟಕ್ಕೆ.' 'ಗಟ್ಟಿಯಾಗಿದೆ' ಎಂಬ ಪದ ಬೇಡ.

ಮೆಡ್‌ಸೆನ್ಸ್ ಓಡಿಸುವುದಾದರೆ ಕೆಮ್ಮಿನ ಮಾಡೆಲ್ ಪ್ರೊಬಿಟ್‌ನಲ್ಲಿ ಇರಬೇಕು, ಲಾಜಿಟ್ ಕೊಟ್ಟರೆ ಅದು ಒಪ್ಪುವುದಿಲ್ಲ. ಒಲೆ–ಹೊಗೆ ಇಂಟರಾಕ್ಷನ್ ಇದೆಯೇ ಎಂದು ಮುಂಚೆ ಲೀನಿಯರ್ ಮಾಡೆಲ್‌ನಲ್ಲಿ ನೋಡಿಕೊಳ್ಳಿ. ಇದ್ದರೆ ಪರೋಕ್ಷ ಪರಿಣಾಮವನ್ನು ಸೌದೆ ಮನೆಗೂ ಗ್ಯಾಸ್ ಮನೆಗೂ ಬೇರೆ ಬೇರೆ ಬರೆಯಬೇಕಾಗುತ್ತದೆ, ರೋ ಕೂಡ ಎರಡಾಗುತ್ತದೆ.

ಬಚ್ಚಲೊಲೆ

ಪ್ರಶ್ನಾವಳಿ ಅಚ್ಚಿಗೆ ಹೋಗುವ ಮೊದಲು ಬಚ್ಚಲ ಕಾಲಂ ಇದೆಯೇ ನೋಡಿ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಗೋಡೆ ಸೂರಿನವರೆಗೆ ಏರಿದೆಯೋ ಅರ್ಧಕ್ಕೆ ನಿಂತಿದೆಯೋ ಎಂಬುದನ್ನೂ ಸೇರಿಸಿ, ಅರ್ಧ ಗೋಡೆಯಾದರೆ ಹಂಡೆಯ ಹೊಗೆ ನೇರ ಸೆನ್ಸರ್ ಮೇಲೆಯೇ ಬರುತ್ತದೆ.